ಹಾಲು ಅಳೆಯುವ ಮೊದಲು ಯಂತ್ರವನ್ನು ಅಳೆಯಿರಿ

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಮಹಿಳಾ ಹಾಲು ಉತ್ಪಾದಕರ ಸಂಘದ ಅಧ್ಯಕ್ಷೆ. ಎರಡು ತಿಂಗಳ ಹಿಂದೆ ನಮ್ಮ ಡೈರಿಗೆ ಹಾಲು ಪರೀಕ್ಷಿಸುವ ಹೊಸ ಯಂತ್ರ, ಕಂಪ್ಯೂಟರ್, ಚೀಟಿ ಮುದ್ರಿಸುವ ಪೆಟ್ಟಿಗೆ ಎಲ್ಲವೂ ಒಟ್ಟಿಗೆ ಬಂದವು. ಬಟವಾಡೆಯೂ ಈಗ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅಂದಿನಿಂದ ದಿನವೂ ಜಗಳ. ನಿನ್ನೆ 4.1 ಇದ್ದ ಫ್ಯಾಟ್ (ಹಾಲಿನ ದರ ತೀರ್ಮಾನಿಸುವ ಕೊಬ್ಬಿನಂಶ) ಇವತ್ತು 3.8 ಹೇಗಾಯಿತು ಎಂದು ಕೇಳುತ್ತಾರೆ. ಹದಿನೆಂಟು ವರ್ಷದಿಂದ ಟೆಸ್ಟರ್ ಆಗಿರುವಾಕೆ, ‘ನನ್ನನ್ನು ಕಳ್ಳಿ ಎನ್ನುತ್ತಿದ್ದಾರೆ, ಕೆಲಸ ಬಿಡುತ್ತೇನೆ’ ಎನ್ನುತ್ತಿದ್ದಾಳೆ. ಏಳೆಂಟು ಮನೆಯವರು ಆಗಲೇ ಖಾಸಗಿ ವ್ಯಾನಿಗೆ ಹಾಲು ಹಾಕುತ್ತಿದ್ದಾರೆ. ನಿರ್ದೇಶಕರಲ್ಲಿ ಅರ್ಧ ಜನಕ್ಕೆ ಹಳೆಯ ಪದ್ಧತಿಯೇ ಬೇಕು. ಏನು ಮಾಡಲಿ?

ಉತ್ತರ: ತಾಯಿ, ನಾನು ಹಾಲಿನವನಲ್ಲ, ಕಬ್ಬಿಣದವನು. ಮೈಸೂರಿನ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೈಕ್ರೋಮೀಟರ್ ಹಿಡಿದು ಕುಳಿತಿದ್ದವನು. ನಿಮ್ಮ ಪತ್ರ ಓದಿದ ಮೇಲೆ ಪಾಂಡವಪುರದ ಕಡೆಯ ನನ್ನ ಹೆಂಡತಿಯ ತವರೂರಿಗೆ ಹೋಗಿ, ಅಲ್ಲಿನ ಡೈರಿಯಲ್ಲಿ ಎರಡು ದಿನ ಬೆಳಗಿನ ಆರು ಗಂಟೆಗೆ ನಿಂತು ನೋಡಿ ಬಂದೆ. (ಅಳಿಯಂದಿರು ಹಾಲಿನ ಕ್ಯಾನಿನ ಪಕ್ಕ ನಿಂತಿದ್ದಾರೆಂದು ಊರೆಲ್ಲ ಸುದ್ದಿಯಾಯಿತು. ಎಪ್ಪತ್ತು ದಾಟಿದ ಅಳಿಯ!)

ಅಲ್ಲಿ ನಿಂತಾಗ ನನ್ನದೇ ಒಂದು ಹಳೆಯ ತಪ್ಪು ನೆನಪಾಯಿತು. ನಮ್ಮ ವಿಭಾಗಕ್ಕೆ ಹೊಸ ಅಳತೆ ಯಂತ್ರ ಬಂದ ವಾರ ನಾನು ರಾತ್ರಿ ಪಾಳಿಯವರ ಮಾಲನ್ನು ಸತತ ಮೂರು ದಿನ ತಿರಸ್ಕರಿಸಿದೆ. ಅಳತೆ ಮೀರಿದೆ ಎಂದು ಯಂತ್ರ ಹೇಳುತ್ತಿತ್ತು, ನಾನು ಕೆಂಪು ಬಣ್ಣ ಬಳಿಯುತ್ತಿದ್ದೆ. ಅವರ ಇನ್ಸೆಂಟಿವ್ ಕಡಿತವಾಯಿತು. ನಾಲ್ಕನೆಯ ದಿನ ಒಬ್ಬ ಹಿರಿಯ ಟರ್ನರ್ ಕರವಸ್ತ್ರದಲ್ಲಿ ಸುತ್ತಿದ ಒಂದು ಬಿಡಿಭಾಗವನ್ನು ನನ್ನ ಮೇಜಿನ ಮೇಲಿಟ್ಟು, ‘ಸ್ವಾಮಿ, ನೀವು ನಿನ್ನೆ ಬೇಡ ಎಂದದ್ದು ಇದೇ. ಇವತ್ತೊಮ್ಮೆ ಅಳೆಯಿರಿ’ ಎಂದರು. ಅಳತೆ ಸರಿಯಾಗಿತ್ತು. ಲೇತಿನಿಂದ ಇಳಿದ ಬಿಸಿಬಿಸಿ ಉಕ್ಕನ್ನು ನಾನು ಆರಲು ಬಿಡದೆ ಅಳೆದಿದ್ದೆ. ನೂರು ಮಿಲಿಮೀಟರ್ ಉಕ್ಕು ಹತ್ತು ಡಿಗ್ರಿ ಕಾದರೆ ಸುಮಾರು 11 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹಿಗ್ಗುತ್ತದೆ. ಅದಕ್ಕೇ ಜಗತ್ತೆಲ್ಲ 20 ಡಿಗ್ರಿಯನ್ನು ಅಳತೆಯ ಉಷ್ಣಾಂಶವೆಂದು ಒಪ್ಪಿಕೊಂಡಿದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಹೊಸ ಯಂತ್ರದ ಮೇಲಿನ ಭಕ್ತಿಯಲ್ಲಿ ಮರೆತಿದ್ದೆ.

ನಿಮ್ಮ ಹಾಲಿಗೂ ಇಂಥದ್ದೇ ಕಾಟವಿದೆ. ಈಗ ಡೈರಿಗಳಲ್ಲಿರುವ ಬಹುಪಾಲು ಯಂತ್ರಗಳು ಹಾಲಿನೊಳಗೆ ಶಬ್ದದ ಅಲೆ ಹಾಯಿಸಿ, ಅದು ಸಾಗುವ ರೀತಿಯಿಂದ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿ ಉಳಿಯುವ ಘನಾಂಶ) ಲೆಕ್ಕ ಹಾಕುತ್ತವೆ. ಆಗತಾನೆ ಕರೆದ ಹಾಲಿನಲ್ಲಿ ಗಾಳಿಗುಳ್ಳೆ ತುಂಬಿರುತ್ತದೆ. ನೊರೆಸಹಿತ ಎಳೆದುಕೊಂಡರೆ ಲೆಕ್ಕ ಕೆಡುತ್ತದೆ. ಕೊಳವೆಯೊಳಗೆ ಹಾಲಿನ ಪಸೆ ಕಟ್ಟಿದರೂ ಕೆಡುತ್ತದೆ. ಎಮ್ಮೆ ಹಾಲಿಗೆ ಹೊಂದಿಸಿದ ಲೆಕ್ಕ ಹಸುವಿನ ಹಾಲಿಗೆ ಒಗ್ಗುವುದಿಲ್ಲ. ಯಂತ್ರ ಸರಿಯಿದ್ದರೂ ಹಸು ಒಂದೇ ಸಮನೆ ಇರುವುದಿಲ್ಲವಲ್ಲ! ಮೊದಲು ಕರೆದ ಹಾಲು ತೆಳು, ಕೊನೆಯದು ಗಟ್ಟಿ. ಕೊನೆಯ ಹಾಲನ್ನು ಕರುವಿಗೆ ಬಿಟ್ಟ ದಿನ ಚೀಟಿಯಲ್ಲಿ ಫ್ಯಾಟ್ ಇಳಿದೇ ಇಳಿಯುತ್ತದೆ.

ಆದ್ದರಿಂದ ಹಳೆಯದೋ ಹೊಸದೋ ಎಂದು ಮತಕ್ಕೆ ಹಾಕಬೇಡಿ. ಒಂದು ಬೆಳಿಗ್ಗೆ, ಎಲ್ಲರೂ ಹಾಲು ತರುವ ಹೊತ್ತಿನಲ್ಲೇ, ಒಂದೇ ಕ್ಯಾನಿನ ಹಾಲನ್ನು ಚೆನ್ನಾಗಿ ಕದಡಿ, ನೊರೆ ಇಳಿಯಲು ಬಿಟ್ಟು, ಹತ್ತು ಸಲ ಯಂತ್ರಕ್ಕೆ ಕೊಡಿ. ಬಂದ ಹತ್ತು ಅಂಕಿಗಳನ್ನೂ ಸೀಮೆಸುಣ್ಣದಲ್ಲಿ ಗೋಡೆಯ ಹಲಗೆಯ ಮೇಲೆ ಬರೆಯಿರಿ, ಒಂದನ್ನೂ ಅಳಿಸಬೇಡಿ. ಒಂದೇ ಹಾಲು ಒಮ್ಮೆ 3.9, ಒಮ್ಮೆ 4.0 ಎಂದು ತೋರಿಸಿದರೆ ಅಷ್ಟು ಓಲಾಟ ಯಂತ್ರದ್ದೇ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. 3.6ರಿಂದ 4.2ರವರೆಗೆ ಜೀಕಿದರೆ ಜಗಳ ಮಾಡುತ್ತಿರುವ ಹೆಂಗಸರೇ ಸರಿ. ಆ ಹಲಗೆಯ ಫೋಟೊ ತೆಗೆದು ಒಕ್ಕೂಟದ ವಿಸ್ತರಣಾಧಿಕಾರಿಗೆ ಕೊಟ್ಟು ಯಂತ್ರ ಸರಿಪಡಿಸಿಕೊಳ್ಳಿ.

ಆಮೇಲೆ ಮೂಲೆಯಲ್ಲಿರುವ ಆಮ್ಲ ಹಾಕಿ ಫ್ಯಾಟ್ ಅಳೆಯುವ ಹಳೆಯ ಗರ್ಬರ್ ಸಾಮಾನು ಹೊರಗೆ ಬರಲಿ. ಗಂಧಕಾಮ್ಲ 10 ಮಿಲಿ, ಹಾಲು 10.75, ಅಮೈಲ್ ಆಲ್ಕೊಹಾಲ್ 1 ಮಿಲಿ, ಆಮೇಲೆ ತಿರುಗಿಸುವುದು. ನಿಮ್ಮ ಟೆಸ್ಟರಮ್ಮನಿಗೆ ಇದು ಕೈಗೆ ಹತ್ತಿದ ವಿದ್ಯೆ. ವಾರಕ್ಕೊಂದು ದಿನ ಅದೇ ಹಾಲನ್ನು ಎರಡೂ ವಿಧದಲ್ಲಿ ಪರೀಕ್ಷಿಸಿ ಹಲಗೆಯ ಮೇಲೆ ಅಕ್ಕಪಕ್ಕ ಬರೆಯುವ ಅಧಿಕಾರ ಆಕೆಗೇ ಇರಲಿ. ಎರಡು ತಿಂಗಳಿಂದ ಆಕೆ ಯಂತ್ರದ ಗುಂಡಿ ಒತ್ತುವವಳಾಗಿ, ಅದರ ತಪ್ಪಿಗೆಲ್ಲ ಬೈಸಿಕೊಳ್ಳುತ್ತಿದ್ದಾಳೆ. ಇನ್ನು ಯಂತ್ರವನ್ನು ಪರೀಕ್ಷಿಸುವವಳಾಗುತ್ತಾಳೆ. ಆಕೆ ಕೆಲಸ ಬಿಡಲಾರಳು ಎಂದು ನನ್ನ ಅಂದಾಜು.

1950ರಲ್ಲಿ ಜಪಾನಿನ ಉದ್ಯಮಿಗಳಿಗೆ ಗುಣಮಟ್ಟದ ಪಾಠ ಹೇಳಿದ ಅಮೆರಿಕದ ಡೆಮಿಂಗ್ ತಮ್ಮ ತರಗತಿಗಳಲ್ಲಿ ಒಂದು ಆಟ ಆಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿ, 800 ಕೆಂಪು ಮಣಿ. ಐವತ್ತು ಗುಳಿಗಳ ಹಲಗೆಯನ್ನು ಅದರೊಳಗೆ ತೂರಿಸಿ ತೆಗೆಯಬೇಕು. ಕೆಂಪು ಹೆಚ್ಚು ಬಂದವನಿಗೆ ಬೈಗುಳ, ಕಡಿಮೆ ಬಂದವನಿಗೆ ಶಹಬಾಸ್‌ಗಿರಿ. ಪೆಟ್ಟಿಗೆ ತುಂಬಿಸಿದವನನ್ನು ಮಾತ್ರ ಯಾರೂ ಕೇಳುವುದಿಲ್ಲ. ನಿಮ್ಮ ಡೈರಿಯ ಮುಂದೆ ದಿನಕ್ಕೆರಡು ಬಾರಿ ನಡೆಯುತ್ತಿರುವುದು ಈ ಆಟವೇ.

ಇನ್ನೊಂದು ಮಾತು, ಹೆಂಡತಿ ಹೇಳಿಕೊಟ್ಟದ್ದು. ವ್ಯಾನಿಗೆ ಹಾಲು ಹಾಕುತ್ತಿರುವ ಆ ಮನೆಗಳಿಗೆ ನೀವೇ ಹೋಗಿ, ಬಟವಾಡೆ ಯಾರ ಖಾತೆಗೆ ಬೀಳುತ್ತಿದೆ ಎಂದು ಕೇಳಿ. ಹಿಂದೆ ಹಸು ಸಾಕುವವಳ ಕೈಗೇ ನೋಟು ಬರುತ್ತಿತ್ತು. ಈಗ ಗಂಡನ ಮೊಬೈಲ್‌ಗೆ ಸಂದೇಶ ಬರುತ್ತಿರಬಹುದು. ವ್ಯಾನಿನವನು ಎರಡು ರೂಪಾಯಿ ಕಡಿಮೆ ಕೊಟ್ಟರೂ ಕೈಗೆ ಕೊಡುತ್ತಾನೆ. ಅದಾದರೆ ಫ್ಯಾಟ್ ಬರೀ ನೆಪ, ಅವಳ ಹೆಸರಿಗೇ ಖಾತೆ ಮಾಡಿಸಿದರೆ ಮುಗಿಯಿತು.

ಪ್ರಶ್ನೆ: ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ನನ್ನದು ಹನ್ನೆರಡು ಜನರ ವರ್ಕ್‌ಶಾಪ್. ಗ್ರಾಹಕರು ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ 9001 ಕೇಳುತ್ತಿದ್ದಾರೆ. ಹದಿನೈದು ದಿನದಲ್ಲಿ ಕಾಗದಪತ್ರ, ಸರ್ಟಿಫಿಕೇಟ್ ಎಲ್ಲ ಮಾಡಿಕೊಡುತ್ತೇನೆ ಎಂದು ಒಬ್ಬ ಸಲಹೆಗಾರ ಬಂದಿದ್ದಾನೆ. ಒಪ್ಪಬಹುದೇ?

ಉತ್ತರ: ಮಗು ಹುಟ್ಟುವ ಮೊದಲೇ ಜಾತಕ ಬರೆದುಕೊಡುವವನ ಹಾಗೆ ಕಾಣುತ್ತಾನೆ. ಐಎಸ್‌ಒ ಸಂಸ್ಥೆ ತಾನಾಗಿ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ, ಬೇರೆ ಸಂಸ್ಥೆಗಳು ಕೊಡುತ್ತವೆ. ಆ ಸಂಸ್ಥೆಗೆ, ಸರ್ಟಿಫಿಕೇಟ್ ಕೊಡುವವರನ್ನೇ ಪರೀಕ್ಷಿಸಿ ಒಪ್ಪುವ ಎನ್‌ಎಬಿಸಿಬಿಯಂಥ ಮಂಡಳಿಯ ಮಾನ್ಯತೆ ಇದೆಯೇ ಎಂದು ಮೊದಲು ವಿಚಾರಿಸಿ. 1987ರಲ್ಲಿ ಈ ಮಾನಕ ಬಂದಾಗ ನಾವೂ ಕಪಾಟು ತುಂಬ ಫೈಲು ಜೋಡಿಸಿದ್ದೆವು. 2015ರ ಆವೃತ್ತಿ ಗುಣಮಟ್ಟದ ಕೈಪಿಡಿಯನ್ನೇ ಕಡ್ಡಾಯ ಮಾಡಿಲ್ಲ. ನಿಮ್ಮ ಹನ್ನೆರಡು ಜನ ಈಗ ಹೇಗೆ ಕೆಲಸ ಮಾಡುತ್ತಿದ್ದಾರೋ ಅದನ್ನು ಅವರ ಬಾಯಿಂದಲೇ ಕೇಳಿ, ಕನ್ನಡದಲ್ಲೇ ಬರೆಯಿಸಿ. ಆರು ತಿಂಗಳು ಹಿಡಿಯುತ್ತದೆ ಎಂದು ಗ್ರಾಹಕರಿಗೆ ಈಗಲೇ ಹೇಳಿಬಿಡಿ.