ಅಡುಗೆಮನೆ ಪ್ರಶ್ನೋತ್ತರ: ಮಜ್ಜಿಗೆ ಇಲ್ಲದ ಖಾರದೂಟ

ಪ್ರಶ್ನೆ: ಅಕ್ಕಾವ್ರೇ, ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮಗಳು ಹಾಲು, ಮೊಸರು, ತುಪ್ಪ ಎಲ್ಲ ಬಿಟ್ಟು ವೀಗನ್ ಆಗಿದ್ದಾಳೆ. ದೀಪಾವಳಿಗೆ ಬಂದಾಗ ಕಾಬೂಲಿ ಕಡಲೆಯ ಖಾರದ ಪಲ್ಯ ಮಾಡು, ಜೊತೆಗೆ ಹಸಿ ಸಾಲ್ಸಾ ಇರಲಿ ಅಂದಳು. ಕಾಳು ರಾತ್ರಿಯಿಡೀ ನೆನೆಸಿ, ಟೊಮೆಟೊ ಹಾಕಿ ಕುಕ್ಕರಿನಲ್ಲಿ ಆರು ಸೀಟಿ ಹೊಡೆಸಿದರೂ ಗಟ್ಟಿಯಾಗೇ ಉಳಿಯಿತು. ಸಾಲ್ಸಾ ನೀರು ನೀರಾಯಿತು. ಖಾರ ನೆತ್ತಿಗೇರಿತು, ಮಜ್ಜಿಗೆ ಕೊಡೋ ಹಂಗಿಲ್ಲ. ಮುಂದಿನ ಸಲ ಹೇಗೆ ಮಾಡಲಿ?
– ಒಬ್ಬ ತಾಯಿ, ಬೆಟಗೇರಿ

ಉತ್ತರ: ಮಗಳ ಊಟವನ್ನು ಜಗಳ ಮಾಡದೆ ಕಲಿಯಲು ಹೊರಟಿದ್ದೀರಿ, ಓದಿ ಖುಷಿಯಾಯಿತು. ಅವಳಿಗೆಂದು ಬೇರೆ ಅಡುಗೆಯ ಚಿಂತೆ ಬೇಡ. ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ಇವುಗಳಲ್ಲಿ ಹಾಲಿನ ಹನಿಯೂ ಇಲ್ಲ. ನಮ್ಮ ತಾಟಿನಲ್ಲಿ ಅವಳಿಗೆ ವರ್ಜ್ಯ ಅಂದರೆ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಇಷ್ಟೇ.

ಕಾಳು ಗಟ್ಟಿ ಉಳಿಯಲು ಮೊದಲ ಕಾರಣ ಟೊಮೆಟೊ. ಕಾಳಿನ ಕಣಗಳನ್ನು ಬೆಸೆದು ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಟೊಮೆಟೊ, ಹುಣಸೆ, ನಿಂಬೆ ಏನಿದ್ದರೂ ಕಾಳು ಪೂರ್ತಿ ಬೆಂದ ಮೇಲೆ. ಎರಡನೆಯದು ನೀರು. ನಮ್ಮ ಕಡೆ ಬೋರಿನ ನೀರು ಬಹಳ ಮನೆಗಳಲ್ಲಿ ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ನಿಮ್ಮದೂ ಅಂಥದೇ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪೆಕ್ಟಿನ್ನನ್ನು ಇನ್ನಷ್ಟು ಬಿಗಿ ಮಾಡುತ್ತವೆ. ಧಾರವಾಡದ ನಮ್ಮ ಮನೆಯಲ್ಲಿ ಮಲಪ್ರಭಾ ನೀರು ಬಿಟ್ಟ ದಿನ ಕಾಳು ಬೇಯಿಸಲಿಕ್ಕೆಂದೇ ಒಂದು ಕೊಡ ಎತ್ತಿಡುತ್ತೇನೆ. ನೀವೂ ನಳದ ನೀರು ಬಂದಾಗ ಹಿಡಿದಿಡಿ.

ಒಂದು ಬಟ್ಟಲು ಕಾಳಿಗೆ ನಾಲ್ಕು ಬಟ್ಟಲು ನೀರು, ಒಂದು ಚಮಚ ಉಪ್ಪು ಹಾಕಿ 8ರಿಂದ 10 ತಾಸು ನೆನೆಸಿ. ಉಪ್ಪು ಬಿದ್ದರೆ ಕಾಳು ಬೇಯುವುದಿಲ್ಲ ಅಂತ ಹಿರಿಯರು ಗದರುತ್ತಾರೆ, ಆದರೆ ನೆನೆಸುವಾಗ ಹಾಕಿದ ಉಪ್ಪು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ಆ ನೀರು ಚೆಲ್ಲಿ, ಹೊಸ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಚಿಟಿಕೆ ಮೀರಿದರೆ ಸಾಬೂನಿನ ವಾಸನೆ ಬರುತ್ತದೆ. ಒಂದು ಸೀಟಿ ಆದ ಮೇಲೆ ಉರಿ ಸಣ್ಣ ಮಾಡಿ 20 ನಿಮಿಷ ಬಿಡಿ. ಕುಕ್ಕರ್ ತಾನಾಗಿ ತಣಿಯಲಿ. ಕಾಳು ಎರಡು ಬೆರಳ ನಡುವೆ ಒತ್ತಿದರೆ ಹಿಟ್ಟಾಗಬೇಕು. ಬೆಂದ ನೀರು ಚೆಲ್ಲಬೇಡಿ, ಪಲ್ಯಕ್ಕೆ ಅದೇ ಗಟ್ಟಿತನ ಕೊಡುತ್ತದೆ. ಇಷ್ಟಾದರೂ ಬೇಯದಿದ್ದರೆ ಕಾಳು ಹಳೆಯದು, ಅಂಗಡಿ ಬದಲಿಸಿ.

ನನ್ನನ್ನು ಕೇಳಿದರೆ ರುಚಿ ನಮ್ಮ ಕಪ್ಪು ಎರೆಭೂಮಿಯ ಸಣ್ಣ ಕಡಲೆಗೇ ಹೆಚ್ಚು. ಅಣ್ಣಿಗೇರಿಯ ಹೆಸರಿನಲ್ಲೇ ಒಂದು ತಳಿ ಇದೆ. ಅದು ಬೇಯಲಿಕ್ಕೆ ಇನ್ನಷ್ಟು ಹೊತ್ತು ಬೇಕು.

ಈಗ ಖಾರ. ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಬಣ್ಣ ಮತ್ತು ಪರಿಮಳ. ಅದಕ್ಕೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಆದರೆ ಖಾರ ಬಹಳ ಕಡಿಮೆ. ಖಾರ ಬೇಕೆಂದು ಅದನ್ನೇ ಸುರಿದರೆ ಪಲ್ಯ ಕೆಂಪಾಗುತ್ತದೆ, ಕಹಿಯೂ ಆಗಬಹುದು. ಮೂರು ಚಮಚ ಶೇಂಗಾ ಎಣ್ಣೆಗೆ ಸಾಸಿವೆ, ಜೀರಿಗೆ, ಕರಿಬೇವು ಹಾಕಿ, ಎರಡು ಉಳ್ಳಾಗಡ್ಡಿ ಕಂದು ಬರುವ ತನಕ ಹುರಿಯಿರಿ. ಶುಂಠಿ, ಬೆಳ್ಳುಳ್ಳಿ ಜಜ್ಜಿ ಹಾಕಿ. ಉರಿ ಸಣ್ಣ ಮಾಡಿ ಎರಡು ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಗುಂಟೂರು ಪುಡಿ ಹಾಕಿ ಕೈಯಾಡಿಸಿ. ಬಣ್ಣವೂ ಖಾರವೂ ಎಣ್ಣೆಯಲ್ಲೇ ಬಿಡುವುದು. ಈಗ ಟೊಮೆಟೊ. ಎಣ್ಣೆ ಬಿಟ್ಟ ಮೇಲೆ ಕಾಳು, ಬೆಂದ ನೀರು, ಉಪ್ಪು, ಮನೆಯ ಮಸಾಲಿ ಖಾರ ಒಂದು ಚಮಚ. ಒಂದು ಸೌಟು ಕಾಳನ್ನು ಅಲ್ಲೇ ಮಸೆದು ಹತ್ತು ನಿಮಿಷ ಕುದಿಸಿ.

ಮಜ್ಜಿಗೆ ಇಲ್ಲದ್ದು ಈ ಊಟದ ನಿಜವಾದ ತೊಡಕು. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಅದಕ್ಕೇ ನೀರು ಕುಡಿದರೆ ಬಾಯಿ ತುಂಬ ಹರಡುತ್ತದೆ. ಹಾಲಿನ ಪ್ರೋಟೀನ್ ಅದನ್ನು ಹಿಡಿದು ಒಯ್ಯುತ್ತದೆ. ಹಾಲಿಲ್ಲದಾಗ ಕೊಬ್ಬು ನೆರವಿಗೆ ಬರುತ್ತದೆ. ಒಂದು ಮುಷ್ಟಿ ಹುರಿದ ಶೇಂಗಾ ಸಿಪ್ಪೆ ತೆಗೆದು, ಉಪ್ಪು, ನಿಂಬೆರಸ, ಸ್ವಲ್ಪ ನೀರು ಹಾಕಿ ಮೊಸರಿನ ಹದಕ್ಕೆ ನುಣ್ಣಗೆ ರುಬ್ಬಿ ಪಕ್ಕದಲ್ಲಿ ಬಡಿಸಿ. ಬಿಸಿ ರೊಟ್ಟಿಯ ತುತ್ತಿಗೆ ಇದನ್ನು ಹಚ್ಚಿಕೊಂಡರೆ ಬಾಯಿ ತಣಿಯುತ್ತದೆ.

ಸಾಲ್ಸಾದಲ್ಲಿ ಖಾರ ಹೆಚ್ಚು ಬೇಡ, ಖಾರವೆಲ್ಲ ಪಲ್ಯದಲ್ಲಿರಲಿ. ಮೆಕ್ಸಿಕೋದವರ ಹಸಿ ಸಾಲ್ಸಾ ಅಂದರೆ ಟೊಮೆಟೊ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆಯಂಥ ಹುಳಿಹಣ್ಣಿನ ರಸ, ಉಪ್ಪು, ಒಲೆಯ ಕೆಲಸವಿಲ್ಲ. ರೊಟ್ಟಿ ಜೊತೆ ನಾವು ಮಾಡುವ ಪಚಡಿಗೆ ಹತ್ತಿರದ ಬಂಧು. ಗಟ್ಟಿ ಟೊಮೆಟೊ ಸೀಳಿ ಬೀಜ, ರಸ ತೆಗೆದು ಸಣ್ಣಗೆ ಹೆಚ್ಚಿ. ಆ ರಸ ಪಲ್ಯಕ್ಕಿರಲಿ. ಹೆಚ್ಚಿದ ಉಳ್ಳಾಗಡ್ಡಿಯನ್ನು ತಣ್ಣೀರಿನಲ್ಲಿ ಹತ್ತು ನಿಮಿಷ ಇಟ್ಟು ಹಿಂಡಿದರೆ ಘಾಟು ಹೋಗುತ್ತದೆ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುತ್ತದೆ, ಆದ್ದರಿಂದ ಉಪ್ಪು, ನಿಂಬೆ ಎರಡೂ ತಾಟು ಹಾಕಿದ ಮೇಲೇ. ಎಳೆ ಸೌತಿಕಾಯಿ ಸೇರಿಸಿದರೆ ಇನ್ನೂ ತಂಪು. ಬೇಸಿಗೆಯಲ್ಲಿ ಬಂದರೆ ಧಾರವಾಡದ ಆಪೂಸಿನ ಕಾಯಿಯನ್ನು ಟೊಮೆಟೊ ಬದಲು ಹಾಕಿ ನೋಡ್ರಿ, ಆಗ ನಿಂಬೆಯೇ ಬೇಡ.

ಮಗಳಿಗೆ ಒಂದು ಮಾತು ತಪ್ಪದೆ ಹೇಳಿ. ಕಾಳಿನಲ್ಲಿ ಪ್ರೋಟೀನ್ ಇದೆ, ಆದರೆ ಬಿ12 ಜೀವಸತ್ವ ಕಾಳು, ಸೊಪ್ಪುಗಳಿಂದ ಸಿಗುವುದಿಲ್ಲ. ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಲಿ.

ಪ್ರಶ್ನೆ: ಇಂಥ ಪಲ್ಯ, ಸಾಲ್ಸಾ ಮರುದಿನ ಆಫೀಸಿನ ಡಬ್ಬಿಗೆ ಆಗುತ್ತದೆಯೇ?
– ಓದುಗರು, ರಾಣೆಬೆನ್ನೂರು

ಉತ್ತರ: ಪಲ್ಯ ಫ್ರಿಜ್ಜಿನಲ್ಲಿಟ್ಟರೆ ಮರುದಿನ ಇನ್ನೂ ರುಚಿ, ಚೆನ್ನಾಗಿ ಕುದಿಸಿ ಡಬ್ಬಿಗೆ ಹಾಕಿ. ಸಾಲ್ಸಾ ಮಾತ್ರ ಬೆಳಿಗ್ಗೆಯೇ ಹೆಚ್ಚಿ, ಉಪ್ಪು ಹಾಕದೆ ಬೇರೆ ಡಬ್ಬಿಯಲ್ಲಿ ಒಯ್ಯಿರಿ. ಅರ್ಧ ನಿಂಬೆ, ಒಂದು ಚಿಟಿಕೆ ಉಪ್ಪಿನ ಪೊಟ್ಟಣ ಜೊತೆಗಿರಲಿ.