ಓರೆ ಸ್ಲೈಸ್ ಬಿರುಕನ್ನು ತಪ್ಪಿಸಿಕೊಂಡು ಹೋಗುವುದೇಕೆ?

ಪ್ರಶ್ನೆ: ಸರ್, ನಾನು ಪುಣೆಯಲ್ಲಿ ಭೂವಿಜ್ಞಾನ ಎಂ.ಎಸ್ಸಿ. ಓದುತ್ತಿದ್ದೇನೆ. ವಾಘೋಲಿ ಕಡೆಯ ಬಸಾಲ್ಟ್ ಕಲ್ಲೊಂದರ ಸಿಟಿ ಸ್ಕ್ಯಾನ್ ನನ್ನಲ್ಲಿದೆ. ಒಳಗೆ ಜಿಯೋಲೈಟ್ ಎಂಬ ಖನಿಜ ತುಂಬಿದ ಬಿರುಕು 45 ಡಿಗ್ರಿ ಓರೆಯಾಗಿದೆ. ಪೈಥಾನ್‌ನಲ್ಲಿ ಅದೇ ಕೋನ ಕೊಟ್ಟು ಸ್ಲೈಸ್ ತೆಗೆದರೆ ಬಿರುಕಿನ ಒಂದು ಗೆರೆ ಮಾತ್ರ ಸಿಗುತ್ತದೆ. ದುಂಡಗಿನ ಗುಳಿಗಳೂ ಚಪ್ಪಟೆಯಾಗಿ ಕಾಣುತ್ತವೆ. ಪಿಕ್ಸೆಲ್ 0.4 ಮಿ.ಮೀ., ಸ್ಲೈಸ್‌ಗಳ ಅಂತರ 2 ಮಿ.ಮೀ.
– ಓದುಗರು, ಕೋಥ್ರೂಡ್

ಉತ್ತರ: ತೊಂದರೆ ಇರುವುದು ನಿಮ್ಮ ಕೊನೆಯ ಸಾಲಿನಲ್ಲೇ. ನೀವು 45 ಡಿಗ್ರಿ ಕೊಟ್ಟಿದ್ದು ವಾಕ್ಸೆಲ್ (ಸ್ಕ್ಯಾನ್‌ನ ಪುಟ್ಟ ಘನ ತುಣುಕು) ಎಣಿಸಿ: ಒಂದು ಹೆಜ್ಜೆ ಪಕ್ಕಕ್ಕೆ, ಒಂದು ಹೆಜ್ಜೆ ಮೇಲಕ್ಕೆ. ಆದರೆ ಪಕ್ಕದ ಹೆಜ್ಜೆ 0.4 ಮಿ.ಮೀ., ಮೇಲಿನದು 2 ಮಿ.ಮೀ. ಐದು ಪಟ್ಟು ಜಾಸ್ತಿ! ಹಾಗಾಗಿ ನಿಜವಾದ ಕಲ್ಲಿನಲ್ಲಿ ನಿಮ್ಮ ಸ್ಲೈಸ್ ಸುಮಾರು 79 ಡಿಗ್ರಿ ಎದ್ದು ನಿಂತಿದೆ. ಬಿರುಕು ತಪ್ಪಲೇಬೇಕು ಅಲ್ವಾ?

ಕೋನವನ್ನೇ ಬಿಟ್ಟುಬಿಡಿ. ಬಿರುಕಿನ ಮೇಲೆ ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದು ಆರಿಸಿ. ಅವುಗಳ ಇಂಡೆಕ್ಸ್ ಅನ್ನು (ಪ್ರತಿ ದಿಕ್ಕಿನಲ್ಲಿ ಎಷ್ಟನೇ ವಾಕ್ಸೆಲ್ ಎಂಬ ಸಂಖ್ಯೆ) 0.4, 0.4, 2ರಿಂದ ಗುಣಿಸಿದರೆ ಮಿಲಿಮೀಟರ್ ಸಿಗುತ್ತದೆ, ಜೊತೆಗೆ ಸಮತಲವೂ. ಅದರೊಳಗೆ ಒಂದಕ್ಕೊಂದು ಲಂಬವಾದ, 1 ಮಿ.ಮೀ. ಉದ್ದದ ಎರಡು ವೆಕ್ಟರ್ ಹಿಡಿದು, 0.4 ಮಿ.ಮೀ.ಗೊಂದರಂತೆ ಬಿಂದುಗಳನ್ನು ಹರಡಿ. ಕೊನೆಗೆ ಮಾತ್ರ ಅವೇ ಸಂಖ್ಯೆಗಳಿಂದ ಭಾಗಿಸಿ, ಪೈಥಾನ್‌ನ ಸೈಪೈ ಲೈಬ್ರರಿಯಲ್ಲಿ ಕೊಟ್ಟ ಬಿಂದುಗಳ ಬೆಲೆ ಓದಿಕೊಡುವ ಮ್ಯಾಪ್ ಕೋಆರ್ಡಿನೇಟ್ಸ್ (map_coordinates) ಫಂಕ್ಷನ್‌ಗೆ ಕೊಡಿ. ಅಕ್ಷಗಳ ಕ್ರಮ ನಿಮ್ಮ ಅರೇಯಲ್ಲಿ (ಸ್ಕ್ಯಾನ್‌ನ ಅಂಕಿಗಳ ಕೋಷ್ಟಕ) ಇರುವಂತೆಯೇ ಇರಲಿ. ಇಲ್ಲಿ ಎಡವುವವರು ಬಹಳ.

ಆ ಫಂಕ್ಷನ್‌ಗೆ ಬೂದು ಚಿತ್ರವಾದರೆ ಆರ್ಡರ್ 1 (ಅಕ್ಕಪಕ್ಕದ ಅಂಕಿಗಳ ನಡುವಿನ ಬೆಲೆ ಲೆಕ್ಕ ಹಾಕುವುದು) ಸಾಕು. ಬಸಾಲ್ಟ್ 1, ಜಿಯೋಲೈಟ್ 2 ಎಂದು ಗುರುತು ಹಾಕಿದ ಡೇಟಾ ಆದರೆ ಆರ್ಡರ್ 0 (ಅತಿ ಹತ್ತಿರದ ಅಂಕಿಯನ್ನೇ ತೆಗೆದುಕೊಳ್ಳುವುದು) ಕೊಡಿ. ಇಲ್ಲದಿದ್ದರೆ ನಡುವೆ 1.5ರಂಥ ಅರ್ಥವಿಲ್ಲದ ಅಂಕಿ ಬರುತ್ತದೆ. ಡೇಟಾದ ಹೊರಗೆ ಬಿದ್ದ ಜಾಗಕ್ಕೆ ಸುಮ್ನೆ 0 ತುಂಬಬೇಡಿ. ಸಿಟಿಯ ಹೌನ್ಸ್‌ಫೀಲ್ಡ್ ಅಳತೆಯಲ್ಲಿ 0 ಅಂದರೆ ನೀರು! ಅರೇಯನ್ನು ಮೊದಲು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿಕೊಂಡು, ಅಲ್ಲಿ ನ್ಯಾನ್ (NaN, ‘ಬೆಲೆ ಇಲ್ಲ’ ಎಂಬ ಗುರುತು) ಇಡಿ.

ಕೋಡ್ ಸರಿಯಿದೆಯೇ ಎಂದು ನೋಡಲು ನಾನು ಎಲ್ಲರಿಗೂ ಹೇಳುವುದು ಇದನ್ನೇ. ಇದೇ ಅಳತೆಯ ಖಾಲಿ ಅರೇಯಲ್ಲಿ 20 ಮಿ.ಮೀ. ತ್ರಿಜ್ಯದ ಗೋಳ ತುಂಬಿ. ಅದರ ಕೇಂದ್ರದ ಮೂಲಕ ಯಾವ ಓರೆಯಲ್ಲಿ ಕತ್ತರಿಸಿದರೂ 40 ಮಿ.ಮೀ. ಅಗಲದ ವೃತ್ತವೇ ಬರಬೇಕು. ಮೊಟ್ಟೆ ಆಕಾರ ಬಂದರೆ ಅಂತರದ ಲೆಕ್ಕ ಎಲ್ಲೋ ಬಿಟ್ಟುಹೋಗಿದೆ.

ಇನ್ನು ಅಳತೆ. ಕೊಳವೆಯಂಥ ಗುಳಿಯನ್ನು ನೇರ ಅಡ್ಡಕೊಯ್ತದಿಂದ 60 ಡಿಗ್ರಿ ವಾಲಿಸಿ ಕತ್ತರಿಸಿದರೆ ವಿಸ್ತೀರ್ಣ ಎರಡು ಪಟ್ಟು ಕಾಣುತ್ತದೆ. ಬಿರುಕಿನ ದಪ್ಪವೂ ಹಾಗೇ, ಅದಕ್ಕೆ ಲಂಬವಾದ ಇನ್ನೊಂದು ಸ್ಲೈಸ್‌ನಲ್ಲೇ ಅಳೆಯಿರಿ. ಅದು 2 ಮಿ.ಮೀ.ಗಿಂತ ತೆಳುವಾಗಿದ್ದರೆ ಚಿತ್ರ ಎಷ್ಟೇ ನುಣುಪಾಗಿ ಕಂಡರೂ ಈ ಸ್ಕ್ಯಾನ್‌ನಿಂದ ದಪ್ಪದ ಅಂಕಿ ಬರೆಯಬೇಡಿ. ಇನ್ನೂ ಸೂಕ್ಷ್ಮವಾಗಿ ನೋಡುವ ಮೈಕ್ರೋ ಸಿಟಿ ಸ್ಕ್ಯಾನ್ ಮಾಡಿಸಿ.