ಸರಳು ಹುಗಿದರೆ ಅರ್ತಿಂಗ್ ಆಯಿತೇ?

ಪ್ರಶ್ನೆ: ಹಲವು ವರ್ಷ ಬಳಸದೆ ಬಿದ್ದಿದ್ದ 5 ಕೆ.ವಿ.ಎ. ಸಿಂಗಲ್ ಫೇಸ್ ಜನರೇಟರ್ ಒಂದು ನಮಗೆ ಸಿಕ್ಕಿದೆ. ಎಂಜಿನ್ ಚೆನ್ನಾಗಿ ಓಡುತ್ತದೆ. ಕರೆಂಟ್ ಹೋದಾಗ ಇದರಿಂದ ಮನೆ ನಡೆಸಬೇಕೆಂದಿದ್ದೇವೆ. ಪಕ್ಕದಲ್ಲಿ ತಾಮ್ರದ ಸರಳು ಹುಗಿದು ಜನರೇಟರಿನ ಮೈಗೆ ತಂತಿ ಬಿಗಿದರೆ ಅರ್ತಿಂಗ್ ಆದಂತೆಯೇ? ಎರಡೂ ತುದಿಗೆ ಪ್ಲಗ್ ಇರುವ ವೈರಿನಿಂದ ಯಾವುದಾದರೂ ಸಾಕೆಟ್ಟಿಗೆ ಕರೆಂಟ್ ಕೊಟ್ಟರೆ ಸಾಕು ಎಂದು ಪರಿಚಿತರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಖಂಡಿತ ಬೇಡ. ಆ ವೈರಿನ ಒಂದು ತುದಿ ಸಾಕೆಟ್ಟಿನಿಂದ ಕಳಚಿದರೆ ಹೊರಗೆ ಕಾಣುವ ಪಿನ್ನುಗಳಲ್ಲೇ 230 ವೋಲ್ಟ್ ಇರುತ್ತದೆ. ಮೇನ್ ಸ್ವಿಚ್ ಆರಿಸಲು ಮರೆತರಂತೂ ನಿಮ್ಮ ಕರೆಂಟ್ ಮೀಟರನ್ನು ದಾಟಿ ಬೀದಿಯ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸಿದರೆ, ಲೈನಿನಲ್ಲಿ ಕರೆಂಟ್ ಇಲ್ಲವೆಂದು ನಂಬಿ ಕಂಬ ಹತ್ತಿದವರ ಜೀವಕ್ಕೆ ಸಂಚಕಾರ. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ, ನಡುವೆ ಆಫ್ ಸ್ಥಾನವಿರುವ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್ ಹಾಕಿಸಿ. ಇದಕ್ಕೆ ಬದಲಿ ದಾರಿಯಿಲ್ಲ.

ಇನ್ನು ಅರ್ತಿಂಗ್. ಸರಳು ಬೇಕು, ಆದರೆ ಸರಳೊಂದೇ ಸಾಲದು. ಜನರೇಟರಿನ ವೈಂಡಿಂಗಿನಿಂದ (ಒಳಗಿನ ತಂತಿ ಸುರುಳಿಯಿಂದ) ಹೊರಟ ಕರೆಂಟ್ ಅದೇ ವೈಂಡಿಂಗಿಗೆ ಮರಳಬೇಕು. ಮಣ್ಣು ಅದನ್ನು ನುಂಗಿಬಿಡುವುದಿಲ್ಲ. ಹೀಗಾಗಿ ನ್ಯೂಟ್ರಲ್ಲಿಗೂ ಅರ್ತಿಗೂ ಸಂಬಂಧವೇ ಇಲ್ಲದಿದ್ದರೆ, ಫ್ರಿಜ್ಜಿನ ಮೈಗೆ ಫೇಸ್ ತಾಗಿದರೂ ಫ್ಯೂಸ್ ಹೋಗುವುದಿಲ್ಲ, ಕರೆಂಟ್ ಸೋರಿದಾಗ ತಾನಾಗಿ ಆಫ್ ಆಗಬೇಕಾದ ಆರ್.ಸಿ.ಸಿ.ಬಿ. ಸ್ವಿಚ್ಚೂ ಬೀಳುವುದಿಲ್ಲ. ಸಣ್ಣ ಜನರೇಟರುಗಳಲ್ಲಿ ಅನೇಕವು ಹೀಗೆ ನ್ಯೂಟ್ರಲ್ಲನ್ನು ಅರ್ತಿಗೆ ಸೇರಿಸದೆಯೇ ಬರುತ್ತವೆ. ಒಂದೇ ಉಪಕರಣಕ್ಕೆ ನೇರವಾಗಿ ಜೋಡಿಸುವಾಗ ಅದು ಸರಿ, ಇಡೀ ಮನೆಗೆ ಸರಿಯಲ್ಲ.

ಮಣ್ಣಿನ ದಾರಿಯನ್ನೇ ನಂಬಿದರೂ ಲೆಕ್ಕ ಕೂಡುವುದಿಲ್ಲ. ಆ ದಾರಿಯ ರೋಧ 10 ಓಮ್ ಇದ್ದರೆ ಹರಿಯುವುದು 23 ಆಂಪಿಯರ್. ನಿಮ್ಮ ಜನರೇಟರಿನ ಪೂರ್ಣ ಲೋಡೇ ಸುಮಾರು 22 ಆಂಪಿಯರ್. ಮಿತಿ ಮೀರಿದ ಕರೆಂಟ್ ಹರಿದರೆ ಮಾತ್ರ ಆಫ್ ಆಗುವ ಎಂ.ಸಿ.ಬಿ. ಸ್ವಿಚ್ಚಿಗೆ ಇದು ದೋಷವೆಂದು ತಿಳಿಯುವುದಾದರೂ ಹೇಗೆ? ಆದ್ದರಿಂದ ಜನರೇಟರಿನ ಟರ್ಮಿನಲ್ ಬಾಕ್ಸಿನಲ್ಲಿಯೇ, ಆರ್.ಸಿ.ಸಿ.ಬಿ.ಗಿಂತ ಮುಂಚೆ, ನ್ಯೂಟ್ರಲ್ಲನ್ನು ಜನರೇಟರಿನ ಮೈಗೂ ಅರ್ತಿಗೂ ಒಂದೇ ಕಡೆ ಸೇರಿಸಬೇಕು. ಅಲ್ಲಿಂದ ಮನೆಯ ಅರ್ತಿಂಗಿಗೆ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಯಬೇಕು. ಈ ಅರ್ತ್ ತಂತಿಗೆ ಎಲ್ಲಿಯೂ ಸ್ವಿಚ್ ಬರಬಾರದು. ಆರ್.ಸಿ.ಸಿ.ಬಿ. ದಾಟಿದ ಮೇಲೆ, ಮನೆಯ ಬೋರ್ಡಿನಲ್ಲಿ, ಇನ್ನೊಮ್ಮೆ ನ್ಯೂಟ್ರಲ್ ಮತ್ತು ಅರ್ತ್ ಸೇರಿಸಿದರೆ ಲೋಡಿನ ಕರೆಂಟ್ ಅರ್ತ್ ತಂತಿಯಲ್ಲೂ ಹಂಚಿಹೋಗಿ ಆರ್.ಸಿ.ಸಿ.ಬಿ. ಪದೇ ಪದೇ ಬೀಳುತ್ತದೆ.

ಸೇರಿಸುವ ಮೊದಲು ಜನರೇಟರ್ ನಿಲ್ಲಿಸಿ, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಅದರ ಮೈಮೇಲೆ ಬಣ್ಣ ಕೆರೆದ ಜಾಗಕ್ಕೂ ಇನ್ನೊಂದನ್ನು ಎರಡು ಔಟ್‌ಪುಟ್ ತಂತಿಗಳಿಗೆ ಒಂದೊಂದಾಗಿಯೂ ಮುಟ್ಟಿಸಿ ನೋಡಬೇಕು. ಎರಡರಲ್ಲೂ ಸಮನಾದ ಕಡಿಮೆ ರೋಧ ಕಂಡರೆ ವೈಂಡಿಂಗಿನ ನಡುಬಿಂದು ಮೈಗೆ ಸೇರಿರುವ ಸಾಧ್ಯತೆಯಿದೆ. ಅಂಥದ್ದರಲ್ಲಿ ಒಂದು ತಂತಿಯನ್ನು ಮೈಗೆ ಜೋಡಿಸಿದರೆ ಅರ್ಧ ವೈಂಡಿಂಗ್ ಶಾರ್ಟ್ ಆಗುತ್ತದೆ. ಇನ್ನೊಂದು ಮಾತು: ಆರ್.ಸಿ.ಸಿ.ಬಿ.ಯ ಟೆಸ್ಟ್ ಬಟನ್ ಒತ್ತಿದಾಗ ಅದು ಬಿದ್ದಿತೆಂದು ಸಮಾಧಾನಪಡಬೇಡಿ. ಆ ಬಟನ್ ಫೇಸ್ ಮತ್ತು ನ್ಯೂಟ್ರಲ್ ನಡುವೆಯೇ ಕೆಲಸ ಮಾಡುವುದರಿಂದ ಅರ್ತಿಂಗ್ ಇಲ್ಲದಿದ್ದರೂ ಬೀಳುತ್ತದೆ.

ಬಳಸದೆ ಬಿದ್ದಿದ್ದ ಯಂತ್ರವಾದ್ದರಿಂದ ವೈಂಡಿಂಗಿನ ತೇವವನ್ನೂ ನೋಡಬೇಕು. ವೋಲ್ಟೇಜ್ ರೆಗ್ಯುಲೇಟರನ್ನು ಬಿಚ್ಚಿಟ್ಟು, ಔಟ್‌ಪುಟ್ ತಂತಿಗಳಿಗೂ ಮೈಗೂ ನಡುವೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದಾಗ 1 ಮೆಗಾಓಮಿಗಿಂತ ಕಡಿಮೆ ಬಂದರೆ ಒಣಗಿಸದೆ ಓಡಿಸಬಾರದು. ಈ ಕೆಲಸವನ್ನೂ ಚೇಂಜ್‌ಓವರ್ ಜೋಡಣೆಯನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ಯಂತ್ರವನ್ನು ಮನೆಯೊಳಗೆ ಮಾತ್ರವಲ್ಲ, ಕಿಟಕಿಯ ಬಳಿಯಲ್ಲೂ ಇಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಪ್ರಶ್ನೆ: ಇದೇ ಜನರೇಟರಿನಲ್ಲಿ 1 ಎಚ್.ಪಿ. ನೀರಿನ ಪಂಪ್ ನಡೆದೀತೇ?

ಉತ್ತರ: ನಡೆದೀತು. ಆದರೆ ಮೋಟಾರ್ ಶುರುವಾಗುವ ಕ್ಷಣದಲ್ಲಿ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿದು ದೀಪಗಳು ಮಂಕಾಗುತ್ತವೆ. ಮೊದಲು ಪಂಪ್ ಹಾಕಿ, ಎಂಜಿನ್ನಿನ ಸದ್ದು ಒಂದೇ ಸಮನಾದ ಮೇಲೆ ಫ್ರಿಜ್ ಮತ್ತು ಟಿ.ವಿ. ಹಾಕುವುದು ಒಳ್ಳೆಯದು.